ಮದಲೇನಜ್ಜಿಯ ಮುಗಿಯದ ಹಬ್ಬ

ಎಲ್ಲಕ್ಕೂ ಮೊದಲೇ ಇದ್ದ ಪಿತನಿಗೆ ಶರಣು. ನಮಗಾಗಿ ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಸುತನಿಗೆ ಶರಣು. ಬೂದಿ ಮುಚ್ಚಿದ ಕೆಂಡವನ್ನೂ ಊದಿ ಉರಿಸುವ ಪವಿತ್ರಾತ್ಮನಿಗೆ ಶರಣು. ಕೂಸನ್ನು ಎದೆಗವಚಿಕೊಂಡು ಪರದೇಶಕ್ಕೆ ನಡೆದ ದೇವಮಾತೆಗೆ ಶರಣು, ಕೋಲು ಹಿಡಿದು ಅವಳ ಮುಂದೆ ನಡೆದ ಸಾಕುತಂದೆ ಸಂತ ಜೋಸೆಫರಿಗೆ, ನಮ್ಮ ಸೂಸಯ್ಯಪ್ಪನಿಗೆ, ಶರಣು. ಅವರ ಅಪ್ಪಣೆ ಪಡೆದು ಹೇಳುತ್ತೇನೆ. ಹತ್ತಿರ ಬನ್ನಿ, ಮಕ್ಕಳನ್ನು ಮುಂದಕ್ಕೆ ಕೂರಿಸಿ.

ಬಹಳ ಹಿಂದೆ, ಒಂದು ಊರಿತ್ತು. ಹೊಂಗೆದೊಡ್ಡಿ ಅಂತ ಅದರ ಹೆಸರು. ಕಾವೇರಿ ಬಂಡೆಗಳ ಸಂದಿಯಲ್ಲಿ ನುಸುಳಿ ಹರಿಯುವ ಸೀಮೆ ಅದು. ಒಂದು ಕಡೆ ಕಾಡು, ಒಂದು ಕಡೆ ರಾಗಿಹೊಲ. ಊರೆಲ್ಲ ಯೇಸುಸ್ವಾಮಿಯ ಒಕ್ಕಲು. ಹುಲ್ಲು ಹೊದಿಸಿದ ಒಂದು ದೇವಾಲಯ, ಅದರ ಮುಂದೆ ಕಲ್ಲಿನ ಶಿಲುಬೆ. ಪಾದ್ರಿಸ್ವಾಮಿಗಳು ದೂರದಿಂದ ಕುದುರೆ ಮೇಲೆ ಬರಬೇಕಿತ್ತು. ಬಂದಾಗ ಪೂಜೆ, ಇಲ್ಲದಾಗ ಜಪ. ಆ ಜಪಕ್ಕೆ ಊರಿಗೆಲ್ಲ ಮದಲೇನಜ್ಜಿಯೇ ದಿಕ್ಕು.

ಮದಲೇನಮ್ಮ ಸಣ್ಣ ವಯಸ್ಸಿಗೇ ಗಂಡನನ್ನು ಮಣ್ಣಿಗೆ ಕೊಟ್ಟವಳು. ಚೌರಪ್ಪ, ಅರುಳಪ್ಪ ಅಂತ ಇಬ್ಬರು ಮಕ್ಕಳನ್ನು ಕೂಲಿ ಮಾಡಿ ಸಾಕಿದಳು. ಬೆಳಗಿನ ಜಾವ ರಾಗಿ ಬೀಸುತ್ತಾ ಪರಲೋಕ ಮಂತ್ರ ಹೇಳುತ್ತಿದ್ದಳಂತೆ. ಕಲ್ಲು ಒಂದು ಸುತ್ತು ಬಂದರೆ ಒಂದು ಮಾತು. ಕೇರಿಯ ಮಕ್ಕಳು ಮಲಗಿದಲ್ಲೇ ಅದನ್ನು ಕೇಳಿ ಕೇಳಿ ಕಲಿತವು. ಎಷ್ಟರ ಮಟ್ಟಿಗೆ ಅಂದರೆ, ಆ ಊರಿನವರು ಬೇರೆ ಊರಿನ ದೇವಾಲಯಕ್ಕೆ ಹೋದರೆ, ಮಂತ್ರ ಹೇಳುವಾಗ ಬೀಸುವವರ ಹಾಗೆ ಮೈ ತೂಗುತ್ತಿದ್ದರಂತೆ, ಜನ ನಗುತ್ತಿದ್ದರಂತೆ. ಅವಳು ಹಣೆ ಮೇಲೆ ಶಿಲುಬೆ ಗುರುತು ಹಾಕಿದರೆ ಅಳುವ ಕೂಸು ಸುಮ್ಮನಾಗುತ್ತಿತ್ತಂತೆ. ಕಣಜದ ಹುಳವೂ ಅವಳ ಜಪಸರದ ಮೇಲೆ ಕೂತು ಕಚ್ಚದೆ ಹಾರಿ ಹೋಗುತ್ತಿತ್ತಂತೆ. ಹಾಗಂತ ಹೇಳುತ್ತಾರೆ. ನಾನು ಕಂಡವನಲ್ಲ, ಕೇಳಿದವನು.

ಮಕ್ಕಳು ದೊಡ್ಡವರಾದರು. ಚೌರಪ್ಪ ಮನೆಯ ಯಜಮಾನನಾದ. ಅರುಳಪ್ಪನಿಗೆ ಹೊಳೆಯಾಚೆಯಿಂದ ಜಪಮಾಲೆ ಅನ್ನುವ ಹುಡುಗಿಯನ್ನು ತಂದರು. ಅಣ್ಣನಿಗೆ ತಮ್ಮನೆಂದರೆ ಪ್ರಾಣ. ಒಂದು ವರ್ಷ ಆ ತಮ್ಮನಿಗೆ ಜ್ವರ ಬಂತು, ಬಿಡಲಿಲ್ಲ. ಮನೆಯಲ್ಲೇ ಇರಲಿ, ನಾಟಿ ಔಷಧ ನಡೀತಿದೆ ಅಂದ ಚೌರಪ್ಪ. ಜಪಮಾಲೆ ಕೇಳಲಿಲ್ಲ. ತನ್ನ ತವರಿನ ಹತ್ತಿರ ದೇವಮಾತೆಯ ಒಂದು ಗುಡಿ ಇದೆ, ಅಲ್ಲಿ ಹರಕೆ ಹೊತ್ತರೆ ವಾಸಿಯಾಗುತ್ತದೆ ಅಂತ ನಂಬಿದ್ದಳು. ಭಾವ ಹೊಲಕ್ಕೆ ಹೋಗಿದ್ದಾಗ ಗಂಡನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೊರಟಳು. ಅರುಳಪ್ಪ ದಾರಿಯಲ್ಲೇ ತೀರಿಕೊಂಡ. ಬೇಸಿಗೆಯ ದಿನ, ಹೆಣ ಇಡುವ ಹಾಗಿಲ್ಲ. ಹೊಳೆಯಾಚೆಯ ಊರಿನಲ್ಲೇ ಮಣ್ಣು ಮಾಡಿದರು.

ಸುದ್ದಿ ಕೇಳಿ ಚೌರಪ್ಪ ಓಡಿದಾಗ ಗುಂಡಿ ಮುಚ್ಚಿಯಾಗಿತ್ತು. ನಮ್ಮವರಲ್ಲಿ ರಕ್ತಸಂಬಂಧಿ ಆದವನು ಗುಂಡಿಗೆ ಒಂದು ಹಿಡಿ ಮಣ್ಣು ಹಾಕಬೇಕು. ತಮ್ಮನಿಗೆ ಅಣ್ಣನ ಹಿಡಿ ಮಣ್ಣು ಬೀಳಲಿಲ್ಲ. ಅವನು ಹಿಂದಿರುಗಿ ಬಂದು, ಕಲ್ಲಿನ ಶಿಲುಬೆಯನ್ನು ಮುಟ್ಟಿ, ಊರೆಲ್ಲ ಕೇಳುವ ಹಾಗೆ ಆಣೆ ಇಟ್ಟ. ಆ ಹೆಂಗಸು ನನ್ನ ಮನೆ ಹೊಸ್ತಿಲು ದಾಟಬಾರದು. ದಾಟಿದ ದಿನ ನಾನು ಕ್ರಿಸ್ತುವರ ಮಗನಲ್ಲ.

ಜಪಮಾಲೆ ಆಗ ಬಸುರಿ. ತವರಿನಲ್ಲೇ ಉಳಿದು ಒಂದು ಹೆಣ್ಣು ಹೆತ್ತಳು.

ಮದಲೇನಜ್ಜಿ ಆಣೆ ಮುರಿ ಅಂತ ಮಗನಿಗೆ ಒಂದು ದಿನವೂ ಹೇಳಲಿಲ್ಲವಂತೆ. ದೇವರ ಮುಂದೆ ಆಡಿದ ಮಾತು ದೇವರದು, ಅದನ್ನು ಕಿತ್ತುಕೊಳ್ಳಲು ತಾಯಿ ಯಾರು ಅನ್ನುತ್ತಿದ್ದಳಂತೆ. ಆದರೆ ಪ್ರತಿ ಸಂಜೆ ಜಪದಲ್ಲಿ, ಮನೆಯವರ ಹೆಸರೆಲ್ಲ ಹೇಳಿ ಮುಗಿದ ಮೇಲೆ, ಹೊಳೆಯಾಚೆ ಇರೋ ನನ್ನ ಎರಡು ಜೀವಕ್ಕೂ ಅನ್ನುತ್ತಿದ್ದಳು. ಚೌರಪ್ಪ ಅಲ್ಲಿಗೆ ಎದ್ದು ಹೋಗುತ್ತಿದ್ದ.

ಹೀಗಿರುವಾಗ ಪಾಸ್ಕಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂತು, ಅದರ ನಡುವೆ ಸೂಸಯ್ಯಪ್ಪನ ಹಬ್ಬ ಬಂತು. ಆ ಹಬ್ಬಕ್ಕೆ ಒಂದು ಕಟ್ಟಳೆ ಇದೆ, ಕೇಳಿ. ಗತಿಯಿಲ್ಲದ ಮೂವರನ್ನು ಮನೆಗೆ ಕರೆದು ಕೂರಿಸಬೇಕು. ಒಬ್ಬ ಮುದುಕ, ಅವನು ಸೂಸಯ್ಯಪ್ಪ. ಒಬ್ಬ ಹೆಂಗಸು, ಅವಳು ದೇವಮಾತೆ. ಒಂದು ಮಗು, ಅದು ಬಾಲಯೇಸು. ಯಜಮಾನ ಅವರ ಪಾದ ತೊಳೆದು ಬಡಿಸಬೇಕು. ಅವರು ಉಂಡ ಮೇಲೆ ಮನೆಯವರು, ಆಮೇಲೆ ಊರು. ಆ ವರ್ಷ ಸರದಿ ಚೌರಪ್ಪನ ಮನೆಯದು. ರಾಗಿ ಉಣ್ಣುವ ಊರಿನಲ್ಲಿ ಅವತ್ತು ನೆಲ್ಲಕ್ಕಿ ಅನ್ನ, ಬೆಲ್ಲದ ಪಾಯಸ. ಊರಿನ ಮಕ್ಕಳೆಲ್ಲ ಬೆಳಗಿನಿಂದ ಬಾಯಲ್ಲಿ ನೀರೂರಿಸಿಕೊಂಡು ಅಂಗಳದಲ್ಲಿ ಕಾದಿದ್ದವು.

ಮುದುಕ ಬಂದ. ಬುಟ್ಟಿ ಹೆಣೆಯುವ ಕುಂಟ ಬೈರಜ್ಜ. ನಮ್ಮ ಮತದವನಲ್ಲ, ಆದರೂ ಪ್ರತಿ ವರ್ಷ ಅವನೇ ಸೂಸಯ್ಯಪ್ಪ. ಹೆಂಗಸೂ ಮಗುವೂ ಬರಲಿಲ್ಲ. ಪ್ರತಿ ವರ್ಷ ಬರುತ್ತಿದ್ದ ವಿಧವೆಯೊಬ್ಬಳು ಆ ವರ್ಷ ಅಣ್ಣಂದಿರ ಊರಿಗೆ ಹೋಗಿಬಿಟ್ಟಿದ್ದಳು. ಬಿಸಿಲೇರಿತು. ಬೈರಜ್ಜ ಗೊಣಗಿದ.

"ಮದ್ಲೇನವ್ವ, ನಿಮ್ಮ ದೇವಮಾತೆ ಬರೋದು ಯಾವಾಗ? ಈ ಸೂಸಯ್ಯಪ್ಪಂಗೆ ಹೊಟ್ಟೆ ತಾಳಹಾಕ್ತದೆ."

"ಸುಮ್ನಿರು ಬೈರಣ್ಣ. ಆ ಸೂಸಯ್ಯಪ್ಪ ನಿನ್ನಂಗೆ ಗೊಣಗಿದ್ರೆ ಬೆತ್ಲೆಹೇಮೂ ಮುಟ್ತಿರಲಿಲ್ಲ."

ಆಗ ಬೇಲಿಯ ಹತ್ತಿರ ಜಪಮಾಲೆ ಕಾಣಿಸಿದಳು. ಸೊಂಟದ ಮೇಲೆ ಮಗು. ಅಜ್ಜಿಯೇ ಹೇಳಿಕಳಿಸಿದ್ದಳು ಎನ್ನುವವರಿದ್ದಾರೆ, ಸೂಸಯ್ಯಪ್ಪನೇ ಕೈಹಿಡಿದು ಕರೆತಂದ ಎನ್ನುವವರಿದ್ದಾರೆ. ತವರಿನಲ್ಲಿ ಅವಳ ತಾಯಿ ತೀರಿಹೋಗಿದ್ದಳು, ತಿನ್ನಲು ಏನೂ ಇರಲಿಲ್ಲ. ಬೇಲಿಯ ಆಚೆಯಿಂದಲೇ ಹೇಳಿದಳಂತೆ, ಅತ್ತೆ, ನಾನು ಒಳಗೆ ಬರಲ್ಲ. ಮಗೂನ ಒಪ್ಪಿಸಿ ಹೊಳೆ ದಾಟಿ ಹೋಗ್ತೀನಿ. ಇಲ್ಲಾದ್ರೂ ಎರಡು ತುತ್ತು ತಿನ್ನಲಿ.

ಅಂಗಳವೆಲ್ಲ ಚೌರಪ್ಪನ ಮುಖ ನೋಡಿತು. ಅವನು ಬಾಗಿಲಲ್ಲಿ ನಿಂತಿದ್ದ. ಮಗು ನಮ್ಮ ರಕ್ತ, ಮಗು ಬರಲಿ ಅಂದ. ನನ್ನ ಆಣೆ ಮಗುವಿನ ಮೇಲಲ್ಲ.

ಮದಲೇನಜ್ಜಿ ಮಗುವಿಗೆ ಕೈ ಚಾಚಲಿಲ್ಲ.

"ದೇವಮಾತೇನ ಬೇಲಿ ಆಚೆ ನಿಲ್ಸಿ ಬಾಲಯೇಸುನ ಮಾತ್ರ ಒಳಕ್ಕೆ ತಗಂಡ ಮನೇನ ನಾನಂತೂ ಕಂಡಿಲ್ಲ ಕಣಪ್ಪ," ಅಂದಳು. "ನಿನ್ನ ಆಣೆ ನೀನು ಇಟ್ಕೊ. ನಾನು ಎಲೆ ಹೊರಗೆ ಹಾಕ್ತೀನಿ."

ಹೇಳಿದವಳೇ ಒಳಗೆ ಹೋಗಿ ಅನ್ನದ ಗಡಿಗೆ ಹೊತ್ತು ತಂದಳು. ಪಾಯಸದ ಪಾತ್ರೆ ತಂದಳು. ದೊಡ್ಡ ಸೊಸೆ ತೆರೇಸಮ್ಮನ ಕೈಯಲ್ಲಿ ಪೀಠದ ಮೇಲಿದ್ದ ಸೂಸಯ್ಯಪ್ಪನ ಸ್ವರೂಪವನ್ನೂ ತರಿಸಿದಳು. ಎಲ್ಲವನ್ನೂ ಅಂಗಳದ ಹೊಂಗೆಮರದ ಕೆಳಗೆ ಇಟ್ಟು ಮೂರು ಎಲೆ ಹಾಕಿ, ತಾಯಿ ಮಗುವನ್ನು ಬೇಲಿಯ ಈಚೆಗೆ ಕರೆದು ಬೈರಜ್ಜನ ಪಕ್ಕ ಕೂರಿಸಿದಳು. ಗುಂಪಿನಲ್ಲಿ ಒಬ್ಬಳು, ಹೆಣ್ಣುಮಗೂನ ಬಾಲಯೇಸು ಅಂತ ಕೂರಿಸ್ತಾರೇನೇ ಅಂತ ಮೂಗು ಮುರಿದಳು. ಹಸಿವಿಗೆ ಗಂಡು ಹೆಣ್ಣು ಅಂತ ಇದ್ರೆ ಹೇಳವ್ವ, ಎಬ್ಬಿಸ್ತೀನಿ ಅಂದಳು ಅಜ್ಜಿ.

ಯಜಮಾನ ಪಾದ ತೊಳೆಯಬೇಕಲ್ಲ, ಚೌರಪ್ಪ ಚೊಂಬು ಹಿಡಿದು ಬಂದ. ಬೈರಜ್ಜನ ಪಾದ ತೊಳೆದ. ಮಗುವಿನ ಪಾದ ತೊಳೆದ; ಅದು ಒಂಟಿ ಕಾಲಲ್ಲಿ ನಿಲ್ಲಲಾರದೆ ಅವನ ತಲೆಯ ಮೇಲೆ ಕೈ ಊರಿಕೊಂಡಿತು. ಜಪಮಾಲೆಯ ಮುಂದೆ ಬಂದಾಗ ಅವನು ಬಗ್ಗಲಿಲ್ಲ. ನಿಂತಲ್ಲಿಂದಲೇ ನೀರು ಸುರಿದು, ಮುಖ ಆಚೆ ತಿರುಗಿಸಿ, ಒಳಗೆ ಹೋಗಿಬಿಟ್ಟ.

ಮೂವರೂ ಉಂಡರು. ಊರೂ ಉಂಡಿತು. ಆದರೆ ಮದಲೇನಜ್ಜಿ ಎಲೆ ಎತ್ತಲಿಲ್ಲ, ಸ್ವರೂಪವನ್ನು ಒಳಗೆ ತೆಗೆದುಕೊಂಡು ಹೋಗಲಿಲ್ಲ. ತೆರೇಸಮ್ಮ ಕರೆದರೆ, ಮೂರನೆಯವಳ ಪಾದಕ್ಕೆ ನೀರು ಬಿತ್ತು, ಕೈ ಮುಟ್ಟಲಿಲ್ಲ. ಹಬ್ಬ ಇನ್ನೂ ಮುಗಿದಿಲ್ಲ ಕಣವ್ವ, ಮುಗಿಯದೆ ಹೇಗೆ ಒಳಕ್ಕೆ ಬರಲಿ ಅಂದಳಂತೆ. ಜಪಮಾಲೆಯನ್ನೂ ಹೋಗಗೊಡಲಿಲ್ಲ. ಹಬ್ಬ ಮುಗಿಯುವ ಮುಂಚೆ ದೇವಮಾತೆ ಎದ್ದು ಹೋಗುವುದುಂಟೇ ಅಂದಳು.

ಹೀಗೆ ಸೂಸಯ್ಯಪ್ಪನ ಹಬ್ಬ ಆ ಅಂಗಳದಲ್ಲಿ ನಡೆಯುತ್ತಲೇ ಇತ್ತಂತೆ. ಮೂರು ಕಲ್ಲು ಹೂಡಿ ಅಲ್ಲೇ ಒಲೆ, ಅಲ್ಲೇ ಚಾಪೆ, ಅಲ್ಲೇ ಸಂಜೆ ಜಪ. ಆ ಗಡಿಗೆಯ ಅನ್ನ ಖಾಲಿಯಾಗಲೇ ಇಲ್ಲ ಅಂತ ಹೇಳುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ತುಂಬಿರುತ್ತಿತ್ತಂತೆ. ತೆರೇಸಮ್ಮನೂ ಕೇರಿಯ ಹೆಂಗಸರೂ ಬೆಳಕು ಹರಿಯುವ ಮುಂಚೆ ಸದ್ದಿಲ್ಲದೆ ಬಂದು ತುಂಬಿಸುತ್ತಿದ್ದರು, ಅಜ್ಜಿ ಕಣ್ಣು ಮುಚ್ಚಿಕೊಂಡು ಗೊರಕೆ ಹೊಡೆದ ಹಾಗೆ ಮಾಡುತ್ತಿದ್ದಳು ಅಂತಲೂ ಹೇಳುತ್ತಾರೆ. ಎರಡೂ ನಿಜವೇ ಇರಬೇಕು. ದೇವರು ಕೊಡುವಾಗ ಯಾರದೋ ಕೈ ಎರವಲು ಪಡೆಯುತ್ತಾನೆ.

ಚೌರಪ್ಪನ ಮಕ್ಕಳು ಒಂದೊಂದಾಗಿ ಅಜ್ಜಿಯ ಚಾಪೆಗೆ ಬಂದವು. ತೆರೇಸಮ್ಮನೂ ಜಪಕ್ಕೆ ಹೊರಗೇ ಬಂದಳು. ಒಳಗೆ ಅವನೊಬ್ಬನೇ. ಹೊಸ್ತಿಲಿನ ಈಚೆ ಕತ್ತಲಲ್ಲಿ ಕೂತು, ಹೊರಗೆ ಅವರು ಮಂಗಳವಾರ್ತೆ ಮಂತ್ರದ ಅರ್ಧ ಹೇಳಿದರೆ, ಉಳಿದರ್ಧ ಮೆಲ್ಲಗೆ ಹೇಳುತ್ತಿದ್ದನಂತೆ. ಹೊಳೆಯಾಚೆ ಇರೋ ಜೀವಕ್ಕೆ ಅನ್ನುವ ಮಾತು ಈಗ ಜಪದಲ್ಲಿ ಇರಲಿಲ್ಲ. ಅದರ ಬದಲು ಅಜ್ಜಿ, ಹೊಸ್ತಿಲಾಚೆ ಇರೋ ನನ್ನ ಮಗನಿಗೆ ಅನ್ನುತ್ತಿದ್ದಳು. ಅವನಿಗೆ ಎದ್ದು ಹೋಗಲು ಈಗ ಜಾಗವಿರಲಿಲ್ಲ.

ಯೇಸು ಶಿಲುಬೆಗೇರಿದ ದೊಡ್ಡ ಶುಕ್ರವಾರ ಕಳೆಯಿತು. ಮಾರನೆಯ ದಿನ, ಯೇಸು ಮತ್ತೆ ಎದ್ದುಬಂದ ಪಾಸ್ಕ ಹಬ್ಬದ ಹಿಂದಿನ ಮಧ್ಯಾಹ್ನ, ಹೊಳೆಯ ಕಡೆಯಿಂದ ಮೋಡ ಕಟ್ಟಿಕೊಂಡು ಬಂತು. ಅಶ್ವಿನಿ ಮಳೆ. ಗಾಳಿ ಎದ್ದು ಒಲೆ ಆರಿತು, ಕೊಂಬೆ ಮುರಿಯಿತು, ಆಲಿಕಲ್ಲು ಬಿತ್ತು. ಎಲ್ಲರೂ ಮನೆಗಳಿಗೆ ಓಡಿದರು. ಜಪಮಾಲೆ ಅತ್ತೆಯ ಕಾಲು ಹಿಡಿದು, ಮಗೂನ ಕರಕೊಂಡು ನೀವು ಒಳಕ್ಕೆ ಹೋಗಿ ಅಂತ ಅತ್ತಳು. ಅಜ್ಜಿ ಸೆರಗು ಬಿಚ್ಚಿ ಮಗುವಿನ ಮೇಲೂ ಸೊಸೆಯ ಮೇಲೂ ಹೊದಿಸಿ, ಸ್ವರೂಪವನ್ನು ಮಡಿಲಿಗೆ ಹಾಕಿಕೊಂಡು, ನರೆತ ತಲೆಯನ್ನು ಆಲಿಕಲ್ಲಿಗೆ ಒಡ್ಡಿ ಕೂತಳು. ತುಟಿ ಮಾತ್ರ ಅಲುಗುತ್ತಿತ್ತು.

ಚೌರಪ್ಪ ಬಾಗಿಲಲ್ಲಿ ನಿಂತು ನೋಡಿದ. ಹಿಂದಕ್ಕೆ ತಿರುಗಿದ. ಬಾಗಿಲು ಹಾಕಿಕೊಳ್ಳುತ್ತಾನೆ ಅಂದುಕೊಂಡರಂತೆ ಎದುರು ಮನೆಯವರು. ಅವನು ಹಾರೆಕೋಲು ತಂದ. ಹೊಸ್ತಿಲಿನ ಮರದ ಕೆಳಗೆ ಹಾರೆ ಕೊಟ್ಟು ಮೀಟಿದ. ಅವನ ತಾತ ಕೂರಿಸಿದ್ದ ತೇಗದ ಹೊಸ್ತಿಲು, ಎರಡು ಕಡೆಯ ಗೋಡೆಯ ಮಣ್ಣು ಕಿತ್ತುಕೊಂಡು ಎದ್ದು ಬಂತು. ಅದನ್ನು ಹೆಗಲ ಮೇಲೆ ಹೊತ್ತು ಮಳೆಯಲ್ಲಿ ಬಂದು ಹೊಂಗೆಮರದ ಕೆಳಗೆ ಮಣೆಯ ಹಾಗೆ ಇಟ್ಟ. ತಮ್ಮನ ಹೆಂಡತಿಯನ್ನು ಅದರ ಮೇಲೆ ಕೂರಿಸಿದ. ಮೊಣಕಾಲೂರಿ, ಹರಿಯುವ ಮಳೆನೀರಿನಲ್ಲೇ, ಎರಡು ಕೈಯಿಂದ ಅವಳ ಪಾದ ತೊಳೆದ.

"ಈಗ ಹೊಸ್ತಿಲಿಲ್ಲ ತಾಯಿ," ಅಂದ. "ದಾಟೋದಕ್ಕೆ ಏನೂ ಇಲ್ಲ. ಒಳಕ್ಕೆ ಬಾ."

"ಭಾವ, ನಾನು ಅವರನ್ನ ಉಳಿಸ್ಕೊಳ್ಳೋಕೇ ಕರಕೊಂಡು ಹೋಗಿದ್ದು."

"ಗೊತ್ತು ಕಣವ್ವ. ಆವತ್ತೂ ಗೊತ್ತಿತ್ತು."

ಜಪಮಾಲೆ ಮುಂದೆ, ಮಗುವನ್ನು ಎತ್ತಿಕೊಂಡ ಚೌರಪ್ಪ ಅವಳ ಹಿಂದೆ, ಎಲ್ಲರಿಗಿಂತ ಕೊನೆಗೆ ಮದಲೇನಜ್ಜಿ. ಒಳಗೆ ಬಂದು ಸ್ವರೂಪವನ್ನು ಪೀಠದ ಮೇಲಿಟ್ಟು, ಒರೆಸಿ, ಕೈಮುಗಿದು, ಹಬ್ಬ ಮುಗೀತು ತೆರೇಸಾ, ಒಲೆ ಹಚ್ಚು, ಎಲ್ಲರೂ ನೆಂದವ್ರೆ ಅಂದಳಂತೆ. ಅಷ್ಟೇ ಅಂದಳಂತೆ. ಪಾಸ್ಕ ಮುಗಿದ ವಾರ ಚೌರಪ್ಪ ಜಪಮಾಲೆಯ ಜೊತೆ ಹೊಳೆ ದಾಟಿ ಹೋಗಿ, ತಮ್ಮನ ಸಮಾಧಿಯ ಮೇಲೆ ತನ್ನ ಹಿಡಿ ಮಣ್ಣು ಹಾಕಿ ಬಂದ. ಮದಲೇನಜ್ಜಿ ಮೊಮ್ಮಗಳ ಮಕ್ಕಳನ್ನೂ ಆಡಿಸಿ, ಒಂದು ಬೆಳಿಗ್ಗೆ ಬೀಸುವ ಕಲ್ಲಿನ ಪಕ್ಕದಲ್ಲಿ ಒರಗಿದವಳು ಏಳಲಿಲ್ಲ. ಕೈಯಲ್ಲಿ ರಾಗಿ ಹಾಗೇ ಇತ್ತಂತೆ.

ಚೌರಪ್ಪ ಆ ಹೊಸ್ತಿಲನ್ನು ಮತ್ತೆ ಕೂರಿಸಲಿಲ್ಲ. ಅವನನ್ನು ನೋಡಿ ಪಕ್ಕದ ಮನೆಯವರು ಕಿತ್ತರು, ಅವರನ್ನು ನೋಡಿ ಕೇರಿ ಕಿತ್ತಿತು. ಇವತ್ತಿಗೂ ಹೊಂಗೆದೊಡ್ಡಿಯಲ್ಲಿ ಮನೆ ಕಟ್ಟಿದರೆ ಮುಂಬಾಗಿಲಿಗೆ ಹೊಸ್ತಿಲು ಇಡುವುದಿಲ್ಲ. ಕಪ್ಪೆ ಬರ್ತದಲ್ಲ, ಮಳೆನೀರು ನುಗ್ತದಲ್ಲ ಅಂತ ಹೊರಗಿನವರು ಕೇಳುತ್ತಾರೆ. ಬರಲಿ ಬಿಡಿ, ಗುಡಿಸಿಕೊಳ್ತೀವಿ ಅನ್ನುತ್ತಾರೆ ಊರವರು. ಸೂಸಯ್ಯಪ್ಪನ ಹಬ್ಬದ ಮೂರು ಎಲೆಗಳನ್ನು ಅಂಗಳದಲ್ಲೇ ಹಾಕುತ್ತಾರೆ. ಮೂವರಲ್ಲಿ ಒಬ್ಬರು, ಆ ಮನೆಯವರು ಯಾರ ಜೊತೆ ಮಾತು ಬಿಟ್ಟಿದ್ದಾರೋ ಅವರೇ ಆಗಿರಬೇಕು. ಯಾರ ಜೊತೆಗೂ ಮಾತು ಬಿಡದ ಮನೆಯಾದರೆ ಏನು ಮಾಡುತ್ತೀರಿ ಅಂತ ನಾನೊಮ್ಮೆ ಕೇಳಿದೆ. ಅಂಥ ಮನೆಯ ಸರದಿ ಇನ್ನೂ ಬಂದಿಲ್ಲ ಸ್ವಾಮಿ ಅಂದರು. ಪಾದಕ್ಕೆ ನೀರು ಸುರಿದರೆ ಸಾಲದು, ಕೈ ಮುಟ್ಟಬೇಕು. ಮುಟ್ಟುವ ತನಕ ಯಾರೂ ಎಲೆ ಎತ್ತುವುದಿಲ್ಲ. ಒಮ್ಮೊಮ್ಮೆ ಸಂಜೆಯಾಗುತ್ತದೆ, ಕಾಯುತ್ತಾರೆ.

ಕೂತು ಕೇಳಿದ ನಿಮಗೆಲ್ಲ, ನಡುವೆ ತೂಕಡಿಸಿದ ಈ ಮಕ್ಕಳಿಗೂ, ಆ ಮೂವರ ಆಶೀರ್ವಾದ ಇರಲಿ. ನಿಮ್ಮ ಗಡಿಗೆಯಲ್ಲಿ ಅನ್ನ ಉಳಿಯಲಿ. ನಿಮ್ಮ ಬಾಗಿಲಿಗೆ ಬರಲು ಅಂಜಿ ಬೇಲಿಯಾಚೆ ನಿಂತವರು ಯಾರಾದರೂ ಇದ್ದರೆ, ಅವರು ಒಳಗೆ ಬರುವ ದಿನ ಬೇಗ ಬರಲಿ. ಆಮೆನ್.