ಸೀಟಿನೊಳಗೆ ಏಳು ಮೊಟ್ಟೆ

ಕಥೆ ಕೇಳ್ತೀರಾ? ಹಾಗಾದ್ರೆ ಹೂಂ ಅನ್ನಿ. ಹೂಂ ಅನ್ನದಿದ್ದರೆ ನನ್ನ ಕಥೆ ಜಾಗ ಬಿಟ್ಟು ಅಲ್ಲಾಡಲ್ಲ.

ಹೆದ್ದಾರಿ ಪಕ್ಕ ಒಂದು ಗ್ಯಾರೇಜು ಸಾಲು. ಅಲ್ಲೊಂದು ಮುದಿ ಲಾರಿ. ಉದ್ದ ಮೂತಿ, ಗುಂಡು ಕಣ್ಣು, ಮೈತುಂಬ ತುಕ್ಕು. ಅದು ನೀಲಜ್ಜಿಯ ಲಾರಿ. ನೀಲಜ್ಜಿ ಎರಡು ವರ್ಷದಿಂದ ಅದನ್ನು ಹೊಸದು ಮಾಡುತ್ತಿದ್ದಳು. ಯಾಕೆ? ಮರಳು ಹೊರೋಕಾ? ಅಲ್ಲ. ಇಟ್ಟಿಗೆ ಹೊರೋಕಾ? ಅಲ್ಲ. ಸುಮ್ಮನೆ, ಖುಷಿಗೆ. ಊರವರು ಅಜ್ಜಿಗೆ ಹುಚ್ಚು ಅಂದರು. ಅಜ್ಜಿ ಹೌದು ಅಂದಳು.

ಲಾರಿಯ ಸೀಟು ಹರಿದಿತ್ತು. ಹರಿದ ಸೀಟಿನೊಳಗೆ ತೆಂಗಿನ ನಾರು. ನಾರಿನೊಳಗೆ ಏಳು ಮೊಟ್ಟೆ. ಮೊಟ್ಟೆ ಮೇಲೆ ಚುಕ್ಕಿ ಕೋಳಿ. ಎಷ್ಟೋ ದಿನದಿಂದ ಕಾವು ಕೊಡುತ್ತಿತ್ತು. ಅಜ್ಜಿಗೆ ಅದು ಗೊತ್ತೇ ಇಲ್ಲ.

ಒಂದು ಮಧ್ಯಾಹ್ನ ಕೋಳಿ ಕಾಳು ತಿನ್ನೋಕೆ ಇಳಿಯಿತು. ನಾಲ್ಕೇ ಕಾಳು ತಿಂದಿತು. ವಾಪಸ್ ಬಂತು. ನೋಡುತ್ತೆ, ಸೀಟೇ ಇಲ್ಲ.

ಕೋಳಿ ಸುತ್ತ ನೋಡಿತು. ದಾರಿಯುದ್ದ ನಾರು ಉದುರಿತ್ತು. ನಾರಿನ ಹಿಂದೆ ಓಡಿತು. ನಾರು ಮುಗಿದಿದ್ದು ಕುಶನ್ ಖಾದರಣ್ಣನ ಅಂಗಡಿಯಲ್ಲಿ. ಅಜ್ಜಿ ಸೀಟು ಹೊಲಿಯೋಕೆ ಕೊಟ್ಟು, ಬಣ್ಣ ತರೋಕೆ ಪೇಟೆಗೆ ಹೋಗಿದ್ದಳು.

ಸೀಟು ಅಟ್ಟದ ಮೇಲಿತ್ತು. ಮೇಲೆ ತಗಡಿನ ಮಾಡು. ಬಿಸಿಲು ಇರೋ ತನಕ ಅಲ್ಲಿ ಬೆಚ್ಚಗೆ. ಬಿಸಿಲು ಇಳಿದರೆ ತಣ್ಣಗೆ. ಮೊಟ್ಟೆ ತಣ್ಣಗಾದರೆ ಮರಿ ಇಲ್ಲ. ಅಷ್ಟು ಎತ್ತರ ಕೋಳಿ ಹಾರಲಾರದು.

ಕೋಳಿ ಕೇಳಿತು, "ಖಾದರಣ್ಣ, ಖಾದರಣ್ಣ,
ಸೀಟೊಳಗೆ ನನ್ನ ಏಳು ಮೊಟ್ಟೆ,
ಬಿಸಿಲು ಇಳಿಯೋದ್ರೊಳಗೆ ಕೊಡಣ್ಣ."

ಖಾದರಣ್ಣ ತಲೆ ಎತ್ತಲಿಲ್ಲ. ಲಾರಿಯ ಹಲಗೆ ಗೆದ್ದಲು ತಿಂದಿದೆ ಅಂದ. ಅದರ ಮೇಲೆ ಸೀಟು ಇಟ್ಟರೆ ಮೊಟ್ಟೆ ಸಮೇತ ನೆಲಕ್ಕೆ ಅಂದ. ಮೊದಲು ಹೊಸ ಹಲಗೆ, ಆಮೇಲೆ ಸೀಟು.

ಇಷ್ಟು ದಿನ ಗೆದ್ದಲ ಹಲಗೆ ಮೇಲೆ ಕೂತಿದ್ದೆನಾ! ಕೋಳಿ ಬಿಟ್ಟ ಕೊಕ್ಕು ಬಿಟ್ಟ ಹಾಗೇ ನಿಂತಿತು. ಆಮೇಲೆ ಓಡಿತು. ಎಲ್ಲಿಗೆ? ಬಡಗಿ ಬೋರಣ್ಣನ ಹತ್ತಿರ.

"ಬೋರಣ್ಣ, ಬೋರಣ್ಣ,
ಹಲಗೆ ಇಲ್ಲದೆ ಸೀಟಿಲ್ಲ,
ಸೀಟೊಳಗೆ ನನ್ನ ಏಳು ಮೊಟ್ಟೆ,
ಬಿಸಿಲು ಇಳಿಯೋದ್ರೊಳಗೆ ಕೊಡಣ್ಣ."

ಬೋರಣ್ಣ ಬೀಡಿ ಹಚ್ಚಿದ. ಹಲಗೆ ಸಿದ್ಧವಾಗಿ ತಿಂಗಳಾಯ್ತು ಅಂದ. ಆದರೆ ಹಲಗೆ ಕೂರಬೇಕಾದ್ದು ತಗಡಿನ ಮೇಲೆ. ತಗಡೇ ಕೂರಿಸಿಲ್ಲ. ತನ್ನದೇನೂ ತಪ್ಪಿಲ್ಲ.

ಕೋಳಿ ಬಿಟ್ಟ ಕೊಕ್ಕು ಬಿಟ್ಟ ಹಾಗೇ ನಿಂತಿತು. ಬಿಸಿಲು ವಾಲಿತು. ಓಡಿತು, ಓಡಿತು. ಎಲ್ಲಿಗೆ? ಟಿಂಕರ್ ತಿಪ್ಪಣ್ಣನ ಹತ್ತಿರ. ತಗಡು ಬಡಿಯೋನು ಅವನೇ.

"ತಿಪ್ಪಣ್ಣ, ತಿಪ್ಪಣ್ಣ,
ತಗಡು ಇಲ್ಲದೆ ಹಲಗೆ ಇಲ್ಲ,
ಹಲಗೆ ಇಲ್ಲದೆ ಸೀಟಿಲ್ಲ,
ಸೀಟೊಳಗೆ ನನ್ನ ಏಳು ಮೊಟ್ಟೆ,
ಬಿಸಿಲು ಇಳಿಯೋದ್ರೊಳಗೆ ಕೊಡಣ್ಣ."

ತಿಪ್ಪಣ್ಣ ತಗಡು ತೋರಿಸಿದ. ಫಳಫಳ ಹೊಳೆಯುವ ತಗಡು. ಆದರೆ ಬಿಗಿಯೋಕೆ ಬೋಲ್ಟು ಬೇಕು. ಇಂಥ ಮುದಿ ಲಾರಿಯ ಬೋಲ್ಟು ಯಾವ ಅಂಗಡಿಯಲ್ಲೂ ಸಿಗಲ್ಲ. ಕಮ್ಮಾರ ಕಾಳಣ್ಣನೇ ಬಡಿದು ಕೊಡಬೇಕು. ಕಾಳಣ್ಣ ಕೊಟ್ಟಿಲ್ಲ. ತನ್ನದೇನೂ ತಪ್ಪಿಲ್ಲ.

ಇವನೂ ಇಲ್ಲ ಅಂದರೆ ಇನ್ನು ಯಾರು? ಕೋಳಿ ಬಿಟ್ಟ ಕೊಕ್ಕು ಬಿಟ್ಟ ಹಾಗೇ ನಿಂತಿತು. ಬಿಸಿಲು ಇನ್ನೂ ವಾಲಿತು. ಓಡಿತು, ಓಡಿತು, ಓಡಿತು.

"ಕಾಳಣ್ಣ, ಕಾಳಣ್ಣ,
ಬೋಲ್ಟು ಇಲ್ಲದೆ ತಗಡು ಇಲ್ಲ,
ತಗಡು ಇಲ್ಲದೆ ಹಲಗೆ ಇಲ್ಲ,
ಹಲಗೆ ಇಲ್ಲದೆ ಸೀಟಿಲ್ಲ,
ಸೀಟೊಳಗೆ ನನ್ನ ಏಳು ಮೊಟ್ಟೆ,
ಬಿಸಿಲು ಇಳಿಯೋದ್ರೊಳಗೆ ಕೊಡಣ್ಣ."

ಕಾಳಣ್ಣ ಒಲೆ ಮುಂದೆ ಕೈಕಟ್ಟಿ ಕೂತಿದ್ದ. ಒಲೆಯಲ್ಲಿ ಬೆಂಕಿ ಇಲ್ಲ. ಗಾಳಿ ಊದುವ ತಿದಿ ಹರಿದಿದೆ. ತೇಪೆ ಹಾಕೋಕೆ ಅಂಗೈಯಗಲ ರೆಕ್ಸಿನ್ ಬೇಕು. ರೆಕ್ಸಿನ್ ಇರೋದು ಕುಶನ್ ಖಾದರಣ್ಣನ ಹತ್ತಿರ.

ಮತ್ತೆ ಅವನನ್ನು ಕೇಳಬಾರದಾ ಅಂತ ಕೋಳಿ ಕೇಳಿತು.

"ಕೇಳಲ್ಲ," ಅಂದ ಕಾಳಣ್ಣ. "ನಾವಿಬ್ಬರೂ ಠೂ ಬಿಟ್ಟಿದ್ದೀವಿ. ಮಂಡಕ್ಕಿ ತಿನ್ನುವಾಗ ಕೊನೇ ಮೆಣಸಿನಕಾಯಿ ಬಜ್ಜಿ ಅವನೇ ತಿಂದ."

ನೋಡಿದಿರಾ ಮಕ್ಕಳೇ? ಇಷ್ಟುದ್ದ ಮೀಸೆ ಇಟ್ಟುಕೊಂಡು ಠೂ! ಒಂದು ಬಜ್ಜಿಗೆ! ನನಗೇ ನಂಬೋಕಾಗಲ್ಲ. ಕೋಳಿಗಂತೂ ಉಸಿರೇ ನಿಂತಿತು. ಬಿಸಿಲು ಹಳದಿಯಾಯಿತು. ಕೋಳಿ ಬಿದ್ದೂ ಎದ್ದೂ ಓಡಿತು, ಮೊದಲಿನ ಅಂಗಡಿಗೇ.

"ಖಾದರಣ್ಣ, ಖಾದರಣ್ಣ,
ರೆಕ್ಸಿನ್ ಇಲ್ಲದೆ ತಿದಿ ಇಲ್ಲ,
ತಿದಿ ಇಲ್ಲದೆ ಬೋಲ್ಟು ಇಲ್ಲ,
ಬೋಲ್ಟು ಇಲ್ಲದೆ ತಗಡು ಇಲ್ಲ,
ತಗಡು ಇಲ್ಲದೆ ಹಲಗೆ ಇಲ್ಲ,
ಹಲಗೆ ಇಲ್ಲದೆ ಸೀಟಿಲ್ಲ,
ಸೀಟೊಳಗೆ ನನ್ನ ಏಳು ಮೊಟ್ಟೆ,
ಬಿಸಿಲು ಇಳಿತಾ ಇದೆ, ಕೊಡಣ್ಣ."

ಖಾದರಣ್ಣನ ಕೈಯ ದಬ್ಬಳ ಕೆಳಗೆ ಬಿತ್ತು. ಬಿಟ್ಟ ಬಾಯಿ ಬಿಟ್ಟ ಹಾಗೇ ಕೂತ.

"ಹಾಗಾದ್ರೆ ಇಷ್ಟು ದಿನ ಲಾರಿ ತಡೆದಿದ್ದು... ನಾನಾ?"

"ನೀನೇ ಅಣ್ಣ," ಅಂತು ಕೋಳಿ.

ಖಾದರಣ್ಣ ಕತ್ತರಿ ತಗೊಂಡ. ಕರ್ ಕರ್ ಅಂತ ರೆಕ್ಸಿನ್ ಕತ್ತರಿಸಿದ. ಚಪ್ಪಲಿ ಕೂಡ ಹಾಕಲಿಲ್ಲ, ಬರಿಗಾಲಲ್ಲಿ ಓಡಿದ. ಕಾಳಣ್ಣನ ಮುಂದೆ ನಿಂತ.

"ಬಜ್ಜಿ ತಿಂದಿದ್ದು ನನ್ನ ತಪ್ಪು ಕಾಳಣ್ಣ. ತಗೋ."

ಈಗ ಕಾಳಣ್ಣನ ಬಾಯಿ ತೆರೆಯಿತು. ಮುಚ್ಚೋಕೆ ಪುರುಸೊತ್ತು ಎಲ್ಲಿ?

ರೆಕ್ಸಿನ್ ಬಂತು, ತಿದಿ ಊದಿತು. ತಿದಿ ಊದಿತು, ಬೋಲ್ಟು ಬಂತು. ಬೋಲ್ಟು ಬಂತು, ತಗಡು ಕೂತಿತು. ತಗಡು ಕೂತಿತು, ಹಲಗೆ ಕೂತಿತು. ಹಲಗೆ ಕೂತಿತು, ಅಟ್ಟದಿಂದ ಸೀಟು ಇಳಿಯಿತು. ನಾಲ್ಕು ಜನ ನಾಲ್ಕು ಮೂಲೆ ಹಿಡಿದು, ಉಸಿರು ಬಿಗಿಹಿಡಿದು, ಸೀಟನ್ನು ಲಾರಿಯಲ್ಲಿ ಇಟ್ಟರು. ಬಿಸಿಲು ಆಗ ತಾನೇ ಇಳಿಯಿತು.

ನೀಲಜ್ಜಿ ಪೇಟೆಯಿಂದ ಬಂದಳು. ವಿಷಯ ಕೇಳಿದಳು. ಬಣ್ಣದ ಡಬ್ಬಿ ಕೈಯಿಂದ ಜಾರಿತು. ಸೀಟು ಹೊತ್ತುಕೊಂಡು ಹೋದವಳು ಅವಳೇ ಅಲ್ಲವಾ? ಕೈಯನ್ನು ನಾರಿನೊಳಗೆ ಹಾಕಿದಳು. ಎಣಿಸಿದಳು. ಒಂದು. ಎರಡು. ಮೂರು. ನಾಲ್ಕು. ಐದು. ಆರು.

ಆರೇ.

ಕೋಳಿ ಕಣ್ಣು ಮುಚ್ಚಿಕೊಂಡಿತು. ಅಜ್ಜಿ ಇನ್ನೂ ಒಳಗೆ ಕೈ ಹಾಕಿದಳು. ಏನೋ ಬೆರಳಿಗೆ ಕುಕ್ಕಿತು.

ಏಳನೇದು ಮೊಟ್ಟೆ ಆಗಿ ಉಳಿದಿರಲಿಲ್ಲ. ಅದು ಮರಿ ಆಗಿತ್ತು.

ಕೋಳಿ ಹಾರಿ ಕೂತಿತು. ರೆಕ್ಕೆ ಅಗಲಿಸಿ ಎಲ್ಲವನ್ನೂ ಮುಚ್ಚಿಕೊಂಡಿತು. ಕಾಳಣ್ಣ ಕಣ್ಣು ಒರೆಸಿಕೊಂಡ, ಹೊಗೆ ಅಂದ. ಎಲ್ಲಿಯ ಹೊಗೆ? ಆಮೇಲೆ ಖಾದರಣ್ಣ ಲಾರಿ ಸ್ಟಾರ್ಟ್ ಮಾಡಜ್ಜಿ ಅಂದ. ಎರಡು ವರ್ಷ ಕಾದಿದ್ದಳಲ್ಲ, ಅಜ್ಜಿ ಲಾರಿಯ ಮೂತಿಗೆ ಹಾಕಿ ತಿರುಗಿಸುವ ಹ್ಯಾಂಡಲ್ ಕೈಗೆ ತಗೊಂಡಳು. ಲಾರಿ ಕಡೆ ನೋಡಿದಳು. ಕೋಳಿ ಕಡೆ ನೋಡಿದಳು. ಹ್ಯಾಂಡಲ್ ಕೆಳಗಿಟ್ಟಳು.

"ಇನ್ನೂ ಆರು ಬರಬೇಕು," ಅಂದಳು. "ಅಲ್ಲೀವರೆಗೂ ಯಾರೂ ಲಾರಿ ಮುಟ್ಟಬೇಡಿ."

ನಾಲ್ಕೂ ಜನ ತುದಿಗಾಲಲ್ಲಿ ಹಿಂದೆ ಸರಿದರು.