ಕೊಡ ಹೊರಿಸುವ ಕೈ

ಮಲ್ಕೊಂಡೇ ಕತೆ ಕೇಳು ಕಣೇ. ಒಂದಾನೊಂದು ಕಾಲದಲ್ಲಿ, ನಲ್ಲಿ ಅಂದ್ರೆ ಏನು ಅಂತ ಯಾರಿಗೂ ಗೊತ್ತಿಲ್ಲದ ಊರಲ್ಲಿ, ಸಣ್ಣತಾಯಿ ಅಂತ ಒಬ್ಬಳು ಕುಳ್ಳ ಹುಡುಗಿ ಇದ್ದಳಂತೆ. ಅವಳಮ್ಮ ಬಾಣಂತಿ, ಹಾಗಾಗಿ ಪಾಪುವಿನ ಸ್ನಾನಕ್ಕೆ ಬಾವಿಯಿಂದ ನೀರು ತರೋದು ಇವಳ ಪಾಲಿಗೆ ಬಂತಂತೆ. ತುಂಬಿದ ಕೊಡವನ್ನ ಒಬ್ಬರೇ ತಲೆಗೆ ಏರಿಸಿಕೊಳ್ಳೋಕಾಗಲ್ಲ, ಪಕ್ಕದವರು ಕೈ ಕೊಟ್ಟು ಹೊರಿಸಬೇಕು. ಅದು ಆ ಬಾವಿಯ ಪದ್ಧತಿ.

ಅಲ್ಲಿಗೆ ಪಟೇಲರ ಮೂವರು ಹೆಣ್ಣುಮಕ್ಕಳೂ ಬರೋರಂತೆ. ಮೊದಲು ದೊಡ್ಡವಳು ಇವಳನ್ನ ತಳ್ಳಿದಳಂತೆ. ಮೊಣಕೈ ತರಚಿದ್ದು ಇವಳಜ್ಜಿ ಕೆಂಚಜ್ಜಿಯ ಕಣ್ಣಿಗೆ ಬಿತ್ತು, ಹೋಗಿ ಗದರಿ ಬಂದಳಂತೆ. ಆಮೇಲೆ ನಡುವಿನವಳು ಶುರು ಮಾಡಿದಳಂತೆ, ಮಿಳ್ಳೆ ಬಂತು ನೋಡ್ರೇ, ತುಪ್ಪ ಬಡಿಸೋ ಪುಟ್ಟ ಮಿಳ್ಳೆ ಅಂತ. ಕೆಂಚಜ್ಜಿ ಕೇಳಿದ್ರೆ, ತಮಾಷೆಗೆ ಅಂದೆ ಅಜ್ಜಿ ಅಂದಳಂತೆ. ಸಣ್ಣತಾಯಿ ನಕ್ಕಳೇನು ಅಂತ ಕೆಂಚಜ್ಜಿ ಕೇಳಿದಳಂತೆ. ಇಲ್ಲ ಅಂದಳು ಅವಳು. ಹಾಗಾದರೆ ಅದು ತಮಾಷೆ ಅಲ್ಲ, ಬಾಯಿ ಮುಚ್ಚು ಅಂದಳಂತೆ ಕೆಂಚಜ್ಜಿ.

ಆಮೇಲೆ ಚಿಕ್ಕವಳು. ಅವಳು ಬಲು ಜಾಣೆ. ತಳ್ಳಲಿಲ್ಲ, ಅಣಕಿಸಲಿಲ್ಲ. ಸಣ್ಣತಾಯಿ ಕೊಡ ತುಂಬಿಸಿದ ಕೂಡಲೇ ಉಳಿದವರಿಗೆ ಕಣ್ಸನ್ನೆ ಮಾಡಿದಳಂತೆ, ಎಲ್ಲರೂ ತಂತಮ್ಮಲ್ಲೇ ಕೊಡ ಹೊರಿಸಿಕೊಂಡು ಹೊರಟೇ ಹೋದರಂತೆ.

ಅಷ್ಟೇನಾ ಅಜ್ಜಿ ಅವಳು ಮಾಡಿದ್ದು?

ಅಷ್ಟೇ ಕಣೇ. ಆದ್ರೆ ಸಣ್ಣತಾಯಿಗೆ ಹೊರಿಸೋರು ಯಾರು? ಅರ್ಧ ನೀರು ಚೆಲ್ಲಿ ಅರ್ಧ ತಂದಳಂತೆ. ಏನಾಯ್ತೇ ಅಂತ ಕೆಂಚಜ್ಜಿ ಕೇಳಿದ್ರೆ ಏನೂ ಆಗ್ಲಿಲ್ಲ ಅಂತಾಳೆ. ಮರುದಿನವೂ ಏನೂ ಆಗ್ಲಿಲ್ಲ. ಆಮೇಲೊಂದು ಬೆಳಗ್ಗೆ, ನಾನಿನ್ನು ಬಾವಿಗೆ ಹೋಗಲ್ಲ ಅಂತ ಮೂಲೆ ಸೇರಿದಳಂತೆ. ಸ್ನಾನ ಇಲ್ಲದೆ ಪಾಪು ಹೆಂಚು ಹಾರಿಹೋಗೋ ಹಾಗೆ ಅತ್ತಿತಂತೆ.

ಕೆಂಚಜ್ಜಿ ಅವಳಿಂದ ನಡೆದದ್ದೆಲ್ಲ ಬಿಡಿಸಿ ಕೇಳಿ, ಕೈ ಹಿಡಿದು ಬಾವಿಗೆ ಕರ್ಕೊಂಡು ಹೋಗಿ, ಇವಳಿಗೆ ಏನು ಮಾಡಿದ್ಯೇ ಅಂತ ಚಿಕ್ಕವಳನ್ನ ಕೇಳಿದಳಂತೆ. ನಾನಾ? ನಾನೇನೂ ಮಾಡ್ಲಿಲ್ಲ ಅಂದಳು ಅವಳು. ಸರಿ, ಹಾಗಾದ್ರೆ ಇವತ್ತು ಯಾರೂ ಯಾರಿಗೂ ಏನೂ ಮಾಡಬೇಡಿ, ಅವರವರ ಕೊಡ ಅವರವರೇ ಎತ್ಕೊಳ್ಳಿ ಅಂದಳಂತೆ ಕೆಂಚಜ್ಜಿ.

ದೊಡ್ಡವಳು ಎತ್ತಿದಳು, ಕೊಡ ವಾಲಿ ಲಂಗವೆಲ್ಲ ತೊಪ್ಪೆ. ನಡುವಿನವಳು ಎತ್ತಿದಳು, ನೀರೆಲ್ಲ ಮೂಗಿಗೆ. ಚಿಕ್ಕವಳು ಎದೆಮಟ್ಟ ಎತ್ತಿ, ಏರಿಸಲೂ ಆಗದೆ ಇಳಿಸಲೂ ಆಗದೆ, ಯಾರಾದ್ರೂ ಬನ್ರೇ ಅಂದಳಂತೆ. ಕೆಂಚಜ್ಜಿ ಬೇಡ ಅಂತ ಬೆರಳೆತ್ತಿದಳು, ಯಾರೂ ಅಲ್ಲಾಡಲಿಲ್ಲ.

ನೋಡು, ಇವರೂ ನಿನಗೆ ಏನೂ ಮಾಡ್ತಿಲ್ಲ. ನೀನು ಮಾಡಿದ್ದೂ ಇದನ್ನೇ ಅಂದಳಂತೆ ಕೆಂಚಜ್ಜಿ.

ಚಿಕ್ಕವಳ ಮುಖ ಇಳೀತಂತೆ. ತಪ್ಪಾಯ್ತು ಸಣ್ಣತಾಯಿ ಅಂದಳಂತೆ.

ಆಮೇಲೆ ಸಣ್ಣತಾಯಿ ಬಟ್ಟೆ ಒಗೆಯೋ ಕಲ್ಲು ಹತ್ತಿ ನಿಂತಳು. ಈಗ ಅವಳೇ ಎಲ್ಲರಿಗಿಂತ ಎತ್ತರ. ಮತ್ತೆ ತುಂಬಿಸಿದ ಕೊಡಗಳನ್ನ ಒಬ್ಬೊಬ್ಬರಿಗೇ ಹೊರಿಸಿದಳಂತೆ. ನಡುವಿನವಳ ಸರದಿ ಬಂದಾಗ ಮಾತ್ರ ಕೊಡ ಹಿಡಿದು, ಮೊದಲು ನನ್ನ ಹೆಸರು ಹೇಳು ಅಂದಳಂತೆ. ಸಣ್ಣತಾಯಿ ಅಂದಳು ನಡುವಿನವಳು. ಕೇಳಿಸಲಿಲ್ಲ ಅಂದಳು ಇವಳು. ಸಣ್ಣತಾಯೀ ಅಂತ ಅವಳು ಕೂಗಿದ್ದಕ್ಕೆ ಬಾವಿಯೂ ಒಳಗಿಂದ ಸಣ್ಣತಾಯೀ ಅಂತ ಕೂಗಿತಂತೆ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಸಣ್ಣತಾಯಿಯೂ ನಕ್ಕಳು. ಅದು ಕಣೇ ತಮಾಷೆ.

ಕಡೆಗೆ ಉಳಿದಿಬ್ಬರಲ್ಲಿ ಸಣ್ಣತಾಯಿಗೆ ಚಿಕ್ಕವಳು ಹೊರಿಸಿದಳಂತೆ, ಚಿಕ್ಕವಳಿಗೆ ಕೆಂಚಜ್ಜಿ. ಪಾಪುಗೆ ಸ್ನಾನವಾಯ್ತು, ಸಾಂಬ್ರಾಣಿ ಹಾಕಿದ್ರು, ನಿದ್ದೆ ಬಂತು. ಕತೆಗೂ ನಿದ್ದೆ ಬಂತು. ಇನ್ನು ಎದ್ದಿರೋಳು ನೀನೊಬ್ಳೇ.