ಇಳಿಸುವ ಇಬ್ಬರು

"ಗುರುಗಳೇ, ಮೈ ಸಿದ್ಧವಾಗಿದೆ. ಮನಸ್ಸನ್ನು ಸಿದ್ಧ ಮಾಡುವುದು ಹೇಗೆ?" ಎಂದು ಸಾವಂತ್ರಿ ಕೇಳಿದಳು.

ಬೆಟ್ಟದ ಬುಡದ ಮಠದಲ್ಲಿ, ಗುರುಗಳ ಎದುರು, ಚಾಪೆಯ ಮೇಲೆ ಅವಳು ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಬರುವ ಭಾನುವಾರ ಬೆಟ್ಟದ ಸೈಕಲ್ ಪಂದ್ಯ. ಸೂರ್ಯ ಹುಟ್ಟುವಾಗ ಹೊರಟು, ಬೆಟ್ಟದ ಬೆನ್ನನ್ನೆಲ್ಲ ಸುತ್ತಿ, ಮುಳುಗುವುದರೊಳಗೆ ಇದೇ ಮಠದ ಮುಂದೆ ಬಂದು ನಿಲ್ಲಬೇಕು. ಡಾಂಬರು ಕಾಣದ ದಾರಿ. ಕುರಿ ಹತ್ತುವ ಕಡೆಯೆಲ್ಲ ಸೈಕಲ್ ಹತ್ತಬೇಕು.

ಒಂದು ವರ್ಷದಿಂದ ಅವಳು ಇದಕ್ಕಾಗಿ ಮೈ ದಂಡಿಸಿದ್ದಳು. ಕೋಳಿ ಕೂಗುವ ಮೊದಲು ಎದ್ದು, ನೆನೆಸಿದ ಶೇಂಗಾ ಬೆಲ್ಲ ತಿಂದು, ಬೆಟ್ಟದ ಅರ್ಧಕ್ಕೆ ಹೋಗಿ ಬರುತ್ತಿದ್ದಳು. ಆಮೇಲೆ ಮನೆಯವರಿಗೆ ರೊಟ್ಟಿ ಬಡಿಯುವುದು, ಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಹೇಳುವುದು. ನಲವತ್ತು ದಾಟಿದ ಹೆಂಗಸು ಸೈಕಲ್ ಮೇಲೆ ಬೆಟ್ಟ ಹತ್ತುವುದನ್ನು ಕಂಡು ಮೊದಮೊದಲು ನಕ್ಕ ಊರು ಈಗ ಅವಳನ್ನು ನೋಡಿ ಹೊತ್ತು ಗುರುತಿಸುತ್ತಿತ್ತು. ಟೀಚರು ಮೇಲೆ ಹೋದರು ಎಂದರೆ ಹಾಲು ಕರೆಯುವ ಹೊತ್ತು. ಕೆಳಗೆ ಬಂದರು ಎಂದರೆ ಮಕ್ಕಳನ್ನು ಎಬ್ಬಿಸುವ ಹೊತ್ತು.

"ಪ್ರತಿ ತುಳಿತಕ್ಕೂ 'ಇಳಿಯುವುದಿಲ್ಲ' ಎಂದು ಹೇಳಿಕೊಳ್ಳುತ್ತೇನೆ. ಅದೇ ನನ್ನ ಮಂತ್ರ. ಆದರೂ ನಡುವೆ ಮನಸ್ಸು ಅಳುಕುತ್ತದೆ. ಅಳುಕದ ಹಾಗೆ ಏನಾದರೂ ದಾರಿ ಹೇಳಿ" ಎಂದಳು.

ಅವಳು ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಅವಳ ಬಲ ಮೊಣಕಾಲು ಎರಡು ವಾರದಿಂದ ಊದಿತ್ತು. ಪೇಟೆಯ ಡಾಕ್ಟರು ಒತ್ತಿ ನೋಡಿ, ಮೂರು ತಿಂಗಳು ಸೈಕಲ್ ಮುಟ್ಟಕೂಡದು, ಮುಟ್ಟಿದರೆ ಮುಂದೆ ನಡೆಯುವುದೂ ಕಷ್ಟ ಎಂದಿದ್ದರು. ಅದನ್ನವಳು ಯಾರಿಗೂ ತಿಳಿಸಿರಲಿಲ್ಲ. 'ನಾವು ಆಗಲೇ ಹೇಳಿರಲಿಲ್ಲವೇ' ಎಂಬ ಮಾತು ಮನೆಯಲ್ಲಿ ವರ್ಷದಿಂದ ಒಲೆಯ ಮೇಲೆ ಬಿಸಿಯಾಗಿಯೇ ಇತ್ತು, ಬಡಿಸುವುದೊಂದೇ ಬಾಕಿ. ದಿನವೂ ಸೈಕಲ್ ಮೇಲೆ ಮಠದ ಮುಂದೆ ಹಾಯುವವಳು ಇವತ್ತು ಬಸ್ಸಿನಲ್ಲಿ ಬಂದಿದ್ದಳು. ಕೇಳಿದರೆ ಸೈಕಲ್ಲನ್ನು ರಿಪೇರಿಗೆ ಬಿಟ್ಟಿದ್ದೇನೆ ಎನ್ನೋಣವೆಂದುಕೊಂಡಿದ್ದಳು. ಗುರುಗಳು ಕೇಳಲಿಲ್ಲ.

ಸೀರೆಯೊಳಗೆ ಮೊಣಕಾಲಿಗೆ ಬಟ್ಟೆ ಬಿಗಿದಿತ್ತು. ಗುರುಗಳ ಎದುರು ಕಾಲು ಚಾಚಿ ಕೂರುವುದು ಉಂಟೇ? ಮಡಿಸಿದ್ದಳು. ಮಡಿಸಿದ ಕಾಲು ಒಳಗೊಳಗೇ ಮಿಡಿಯುತ್ತಿತ್ತು.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಸೈಕಲ್ ಆಟದವನಿದ್ದ. ಊರಿಂದ ಊರಿಗೆ ಹೋಗುವುದು, ಬಯಲಿನ ನಡುವೆ ಒಂದು ಕಂಬ ನೆಡುವುದು, ಕಂಬದ ಸುತ್ತ ಸೈಕಲ್ ಹೊಡೆಯುವುದು, ಇದು ಅವನ ಕಸುಬು. ಒಮ್ಮೆ ಹತ್ತಿದರೆ ವಾರ ತುಂಬುವವರೆಗೆ ಕಾಲನ್ನು ನೆಲಕ್ಕೆ ಮುಟ್ಟಿಸುತ್ತಿರಲಿಲ್ಲ. ಊಟ ಸೈಕಲ್ ಮೇಲೆ, ಸ್ನಾನ ಸೈಕಲ್ ಮೇಲೆ, ಕ್ಷೌರವೂ ಅದರ ಮೇಲೆಯೇ. ಸುತ್ತುತ್ತಲೇ ಹೆಂಡತಿಯ ಕೈಯಿಂದ ರೊಟ್ಟಿ ತೆಗೆದುಕೊಳ್ಳುತ್ತಿದ್ದ. ಸುತ್ತುತ್ತಲೇ ತಂಬಿಗೆ ಎತ್ತಿ ತಲೆಗೆ ಸುರಿದುಕೊಳ್ಳುತ್ತಿದ್ದ. ದಣಿವಾದರೆ ಸೈಕಲ್ಲನ್ನು ಒಂದೇ ಜಾಗದಲ್ಲಿ, ಎರಡು ಗಾಲಿಯ ಮೇಲೆ, ಕೆತ್ತಿಟ್ಟ ಹಾಗೆ ನಿಲ್ಲಿಸಿ ಉಸಿರು ತಿರುಗಿಸಿಕೊಳ್ಳುತ್ತಿದ್ದ.

ಆ ಆಟಕ್ಕೊಂದು ಶಾಸ್ತ್ರವಿತ್ತು. ವಾರ ತುಂಬಿದ ಸಂಜೆ ಊರಿನ ಹಿರಿಯರಿಬ್ಬರು ಬಂದು, ಒಬ್ಬರು ಈ ಕಡೆ ಒಬ್ಬರು ಆ ಕಡೆ ತೋಳು ಹಿಡಿದು, ಅವನನ್ನು ಎತ್ತಿ ಇಳಿಸಬೇಕು. ಆಮೇಲೆ ಹಾರ, ಆಮೇಲೆ ಹಲಗೆಯ ಬಡಿತ. ತಾನಾಗಿ ಇಳಿದರೆ ಸೋತ ಹಾಗೆ. ಎತ್ತಿ ಇಳಿಸಿದರೆ ಗೆದ್ದ ಹಾಗೆ. ಹೀಗೆ ಊರೂರು ಗೆಲ್ಲುತ್ತ ಗೆಲ್ಲುತ್ತ ಅವನಿಗೆ ತಾನಾಗಿ ಇಳಿಯುವ ರೂಢಿಯೇ ತಪ್ಪಿಹೋಯಿತು. ಮನೆಯ ಅಂಗಳದಲ್ಲೂ ಹೆಂಡತಿಯ ಹೆಗಲು ಸಿಕ್ಕ ಮೇಲೆಯೇ ಇಳಿಯುತ್ತಿದ್ದ.

ಒಂದು ಊರಿನಲ್ಲಿ, ಹಾರ ಹಾಕುವ ಹೊತ್ತಿಗೆ, ಒಬ್ಬ ಬಟ್ಟೆ ವ್ಯಾಪಾರಿ ಎದ್ದು ನಿಂತ. ದಪ್ಪ ಮನುಷ್ಯ, ಮಾತು ಅದಕ್ಕಿಂತ ದಪ್ಪ.

"ಗಾಣದ ಎತ್ತೂ ಹೀಗೇ ಸುತ್ತುತ್ತದೆ. ಆದರೆ ಪಾಪ, ಅದು ಎಣ್ಣೆಯನ್ನಾದರೂ ಕೊಡುತ್ತದೆ" ಎಂದ.

ಊರು ನಕ್ಕಿತು. ಹಾರ ಹಿಡಿದಿದ್ದ ಹಿರಿಯರೂ ನಕ್ಕರು.

ಆ ನಗು ಆಟದವನ ಎದೆಯಲ್ಲಿ ಮುಳ್ಳಾಗಿ ಕೂತಿತು. ಮುಂದಿನ ಊರಿನಲ್ಲಿ ಪ್ರತಿ ಸುತ್ತಿಗೂ ಕಿವಿಯಲ್ಲಿ ಗಾಣ ಕಿರುಗುಟ್ಟಿತು. ಅದೇ ವರ್ಷ ಬೆಟ್ಟದ ಆಚೆ ಈಚೆಯ ಊರುಗಳು ಸೇರಿ ಬೆಟ್ಟ ಸುತ್ತುವ ಸೈಕಲ್ ಪಂದ್ಯ ಇಟ್ಟವು. ಗೆದ್ದವನಿಗೆ ಬೆಳ್ಳಿ ಕಡಗ. ಆ ಕಡಗ ತೊಟ್ಟು ಒಮ್ಮೆ ಆ ವ್ಯಾಪಾರಿಯ ಅಂಗಡಿಯ ಮುಂದೆ ಹಾಯಬೇಕು, ಅಷ್ಟೇ ಸಾಕು ಎಂದುಕೊಂಡ ಆಟದವನು.

ಕಂಬವನ್ನು ಅಟ್ಟಕ್ಕೆ ಹಾಕಿದ. ಹುರುಳಿ ನೆನೆಸಿ ತಿಂದ. ಕ್ಯಾರಿಯರಿಗೆ ಕಲ್ಲು ಕಟ್ಟಿಕೊಂಡು ಏರು ಹತ್ತಿದ. ಹಸಿವು ತಡೆಯುವುದನ್ನು ಕಲಿತ, ಬಾಯಾರಿಕೆ ತಡೆಯುವುದನ್ನು ಕಲಿತ. ಬೆಳಗಿನ ಜಾವ ಕಣ್ಣು ಮುಚ್ಚಿ ಕುಳಿತು ಇಡೀ ಬೆಟ್ಟವನ್ನು ಮನಸ್ಸಿನಲ್ಲೇ ಹತ್ತಿ ಇಳಿಯುತ್ತಿದ್ದ. 'ಕಾಲು ನೆಲಕ್ಕೆ ಮುಟ್ಟಿಸುವುದಿಲ್ಲ' ಎಂದು ಹೇಳಿಕೊಳ್ಳುತ್ತಿದ್ದ. ಅಲ್ಲಿ ಬಂಡೆ ಅಡ್ಡ ಬಂದರೆ ಸೈಕಲ್ ಹಕ್ಕಿಯ ಹಾಗೆ ಹಾರಿ ದಾಟುತ್ತಿತ್ತು. ಮನಸ್ಸಿನಲ್ಲಿ ದಾಟಲಾಗದ ಬಂಡೆ ಯಾವುದಿದೆ?

ಅವನ ಹೆಂಡತಿ ಅವರಿವರನ್ನು ವಿಚಾರಿಸಿಕೊಂಡು ಬಂದಳು.

"ಬೆಟ್ಟದ ನೆತ್ತಿಯಲ್ಲಿ ಒಂದು ಕಡೆ ಬರೀ ಬಂಡೆಯಂತೆ. ಅಲ್ಲಿ ಎಲ್ಲರೂ ಇಳಿದು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಾರಂತೆ. ಇಳಿಯುವುದನ್ನೂ ಒಂದಷ್ಟು ಅಭ್ಯಾಸ ಮಾಡಿಕೊಳ್ಳಿ" ಎಂದಳು.

"ಸೈಕಲ್ ನನ್ನನ್ನು ಹೊರಬೇಕು. ನಾನು ಹೋಗಿ ಸೈಕಲ್ಲನ್ನು ಹೊರುವುದೇ?"

"ಅದೂ ಹೌದು ಮಹಾರಾಯರೇ. ಸೈಕಲ್ ನಿಮ್ಮನ್ನು ಹೊರುತ್ತದೆ, ಊರಿನ ಹಿರಿಯರು ಹೊರುತ್ತಾರೆ, ನಾನಂತೂ ಹೊರುತ್ತಲೇ ಇದ್ದೇನೆ. ನೀವು ಈವರೆಗೆ ಹೊತ್ತದ್ದು ಹಾರ ಒಂದನ್ನೇ."

ಅವನು ನಗಲಿಲ್ಲ.

ಸಾವಂತ್ರಿ ನಕ್ಕಳು. ನಕ್ಕ ರಭಸಕ್ಕೆ ಮೈ ಅಲುಗಿ ಮೊಣಕಾಲಿನೊಳಗೆ ಸೂಜಿ ಆಡಿದಂತಾಯಿತು. ತುಟಿ ಕಚ್ಚಿ ಸೆರಗನ್ನು ಕಾಲಿನ ಮೇಲೆ ಎಳೆದುಕೊಂಡಳು. ಗುರುಗಳು ಬೆಟ್ಟದ ಕಡೆ ನೋಡುತ್ತ ಮುಂದುವರಿಸಿದರು.

ಪಂದ್ಯದ ದಿನ ಹಲಗೆ ಬಾರಿಸಿದ ಕೂಡಲೇ ಆಟದವನು ಎಲ್ಲರಿಗಿಂತ ಮುಂದಾದ. ಬಟ್ಟೆ ವ್ಯಾಪಾರಿಯೂ ಬಂದಿದ್ದ, ತಮಾಷೆಗೆಂದು. ಮೊದಲ ಏರಿನಲ್ಲೇ ಅವನು ಇಳಿದು ಸೈಕಲ್ ತಳ್ಳತೊಡಗಿದ. ಏರು ಬಂದರೆ ದಮ್ಮು ಸಾಲದೆ ಇಳಿಯುತ್ತಿದ್ದ. ಇಳಿಜಾರು ಬಂದರೆ ಹೆದರಿ ಇಳಿಯುತ್ತಿದ್ದ. ಮರದ ನೆರಳು ಕಂಡರೆ ಕಾರಣವಿಲ್ಲದೆಯೇ ಇಳಿಯುತ್ತಿದ್ದ. ಅವನನ್ನು ಲೆಕ್ಕಕ್ಕೆ ಹಿಡಿದವರು ಯಾರೂ ಇರಲಿಲ್ಲ. ಅವನೂ ಹಿಡಿದಿರಲಿಲ್ಲ.

ಆಟದವನು ನೆತ್ತಿ ಮುಟ್ಟಿದಾಗ ಹಿಂದೆ ಒಬ್ಬರೂ ಕಾಣಿಸಲಿಲ್ಲ. ಬಂಡೆಯ ಜಾಗ ಬಂತು. ಅವನು ಇಳಿಯಲಿಲ್ಲ. ಒಂದು ಬಂಡೆ ಹತ್ತಿಸಿದ. ಇನ್ನೊಂದನ್ನು ದಾಟಿಸಿದ. ಅದರ ಮುಂದೆ ಗಾಲಿ ಎರಡು ಬಂಡೆಗಳ ಸಂದಿಯಲ್ಲಿ ಕೂತುಬಿಟ್ಟಿತು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ಇಳಿದು, ಗಾಲಿ ಎತ್ತಿ, ನಾಲ್ಕು ಮಾರು ಹೊತ್ತು ನಡೆದರೆ ದಾರಿ ಮತ್ತೆ ಸಲೀಸು. ಅವನ ಕಾಲಿಗೂ ನೆಲಕ್ಕೂ ಒಂದು ಗೇಣು.

ಅವನು ಸೈಕಲ್ ಮೇಲೆ ನಿಂತ. ಕೆತ್ತಿಟ್ಟ ಹಾಗೆ ನಿಂತ. ಅದು ಅವನ ವಿದ್ಯೆ.

ಹಿಂದಿನವರು ಬಂದರು. ಇಳಿದರು, ಸೈಕಲ್ ಹೆಗಲಿಗೇರಿಸಿದರು. ಅವನನ್ನು ಕಂಡು ಬೆರಗಾಗಿ, "ಶಭಾಷ್, ಇದಪ್ಪಾ ಕಸರತ್ತು ಅಂದರೆ!" ಎಂದು ಹೊಗಳಿದರು. ಹೊಗಳಿದವರೆಲ್ಲ ಪಕ್ಕದಿಂದ ನಡೆದು ಮುಂದೆ ಹೋದರು. ಹೊಗಳಿಕೆ ಮಾತ್ರ ಅವನ ಬಳಿ ಉಳಿಯಿತು.

ಮೊದಲು ಇಳಿಯುವುದು ನಾಚಿಕೆಯ ಮಾತಾಗಿತ್ತು. ಹೊತ್ತು ಹೋದಂತೆ ಅದು ನಷ್ಟದ ಮಾತೂ ಆಯಿತು. ಈಗ ಇಳಿದರೆ ಇಷ್ಟು ಹೊತ್ತು ನಿಂತದ್ದು ದಂಡವಾಗುತ್ತದೆ. ಇನ್ನಷ್ಟು ನಿಂತ. ನಿಂತಷ್ಟೂ ನೆಲ ದೂರವಾಗುತ್ತ ಹೋಯಿತು.

ಸಾವಂತ್ರಿಯ ಹಣೆಯಲ್ಲಿ ಬೆವರು ಒಡೆದಿತ್ತು. ಕತೆ ಮುಗಿಯುವವರೆಗೆ ಹೀಗೇ ಕೂರಬಲ್ಲೆ ಎಂದುಕೊಂಡಳು. ಎದ್ದು ಹೋಗುವಾಗ ಕುಂಟು ಕಾಣದ ಹಾಗೆ ಕಂಬ ಹಿಡಿದು ಏಳಬೇಕು ಎಂದೂ ಯೋಚಿಸಿದಳು.

ಸೂರ್ಯ ಬಾಗಿದ ಮೇಲೆ ವ್ಯಾಪಾರಿ ಬಂದ ಎಂದರು ಗುರುಗಳು. ಸೈಕಲ್ಲನ್ನು ಬಟ್ಟೆಯ ಗಂಟಿನ ಹಾಗೆ ಹೆಗಲ ಮೇಲೆ ಹಾಕಿಕೊಂಡಿದ್ದ. ಏದುಸಿರು ಬಿಡುತ್ತಿದ್ದ.

"ಏನಣ್ಣ, ಇಲ್ಲಿ ಯಾರಿಗೆ ಕಾಯುತ್ತ ನಿಂತಿದ್ದೀಯ?" ಎಂದು ಕೇಳಿದ.

"ಇಳಿಸುವವರಿಗೆ" ಎಂದ ಆಟದವನು. ಬಾಯಿಂದ ಹೊರಟ ಮೇಲೆ ಆ ಮಾತು ಅವನಿಗೇ ವಿಚಿತ್ರವಾಗಿ ಕೇಳಿಸಿತು. ಆದರೆ ಹೇಳಿಯಾಗಿತ್ತು.

ವ್ಯಾಪಾರಿ ಸೈಕಲ್ ಕೆಳಗಿಟ್ಟ. ಆಟದವನ ತೊಡೆಗಳು ನಡುಗುವುದನ್ನು ನೋಡಿದ. ನಗಲೆಂದೇ ಬೆಟ್ಟ ಹತ್ತಿದವನಿಗೆ ಅಲ್ಲಿ ನಗು ಬರಲಿಲ್ಲ.

"ತೋಳು ಕೊಡು, ನಾನು ಇಳಿಸುತ್ತೇನೆ."

"ಇಬ್ಬರು ಬೇಕು. ಊರಿನ ಹಿರಿಯರು."

"ಈ ಕಲ್ಲಿನ ಮೇಲೆ ಊರನ್ನು ಎಲ್ಲಿಂದ ತರಲಿ? ನಾನೊಬ್ಬನಿದ್ದೇನೆ, ಕೆಳಗೆ ನೆಲ ಇದೆ. ಇಬ್ಬರಾದೆವಲ್ಲ. ಇಳಿಯೋ ಮಾರಾಯ."

ಆಟದವನು ಅವನ ಮುಖ ನೋಡಿದ. ಗಾಣದ ಎತ್ತು ಎಂದ ಬಾಯಿ ಅದೇ. ಬೇರೆ ಯಾರು ಕೈ ಚಾಚಿದ್ದರೂ ಹಿಡಿಯುತ್ತಿದ್ದನೋ ಏನೋ. "ನೀನು ಹೋಗು" ಎಂದ.

ವ್ಯಾಪಾರಿ ಹೋದ. ಎಲ್ಲರಿಗಿಂತ ಕೊನೆಯವನಾಗಿ, ಸೂರ್ಯನ ಜೊತೆಯಲ್ಲೇ, ಬೆಟ್ಟ ಇಳಿದ. ಜನ ಕೇಕೆ ಹಾಕಿ ನಕ್ಕು ಮಜ್ಜಿಗೆ ಕೊಟ್ಟರು. ಅವನು ಮಜ್ಜಿಗೆ ಮುಟ್ಟದೆ, "ಮೇಲೆ ಒಬ್ಬ ನಿಂತಿದ್ದಾನೆ. ಹಿರಿಯರು ಯಾರಾದರೂ ಇಬ್ಬರು ಹೋಗಿ, ಬೇಗ ಹೋಗಿ" ಎಂದ.

ಇಬ್ಬರಲ್ಲ, ನಾಲ್ವರು ಹೋದರು. ಹೆಂಡತಿ ಅವರಿಗಿಂತ ಮುಂದೆ ಓಡಿದಳು. ಅಷ್ಟರಲ್ಲಿ ತೊಡೆ ಸೋತಿತ್ತು. ಒಂದು ಗೇಣು ಇಳಿಯಲಾರದವನು ಒಂದಾಳು ಆಳಕ್ಕೆ ಉರುಳಿಬಿದ್ದಿದ್ದ. ಮೊಣಕಾಲಿನ ಚಿಪ್ಪು ಒಡೆದಿತ್ತು. ಕಂಬಳಿಯಲ್ಲಿ ಮಲಗಿಸಿ, ನಾಲ್ಕು ಮೂಲೆ ಹಿಡಿದು, ನಾಲ್ವರು ಅವನನ್ನು ಬೆಟ್ಟ ಇಳಿಸಿದರು. ಆ ದಿನವೂ ಅವನು ತಾನಾಗಿ ಇಳಿಯಲಿಲ್ಲ. ಹೆಂಡತಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹಿಂದೆ ಹಿಂದೆ ನಡೆದು ಬಂದಳು. ಆ ಸೈಕಲ್ಲನ್ನು ಆಮೇಲೆ ಅವನು ಹತ್ತಲಿಲ್ಲ.

ಗುರುಗಳು ನಿಲ್ಲಿಸಿದರು.

ಸಾವಂತ್ರಿ ಭಾನುವಾರವನ್ನು ನೆನೆದಳು. ಒಂದು ವರ್ಷದ ಬೆಳಗುಗಳನ್ನು ನೆನೆದಳು. ಆಮೇಲೆ, ಶಾಲೆಯಲ್ಲಿ ಉತ್ತರ ಗೊತ್ತಿದ್ದೂ ಬೇರೆ ಪ್ರಶ್ನೆ ಕೇಳುವ ಮಕ್ಕಳ ಹಾಗೆ, "ಅಂದರೆ ಅವನ ಮನಸ್ಸು ಗಟ್ಟಿಯಿರಲಿಲ್ಲ ಎನ್ನುತ್ತೀರಾ?" ಎಂದಳು.

"ಗಟ್ಟಿಯಿತ್ತು. ಅಷ್ಟು ಗಟ್ಟಿ ಮನಸ್ಸನ್ನು ಇವತ್ತಿನವರೆಗೆ ನಾನು ಇನ್ನೊಬ್ಬರಲ್ಲಿ ಕಂಡಿರಲಿಲ್ಲ."

ಗುರುಗಳು ತಮ್ಮ ಬೆನ್ನಿಗಿದ್ದ ದಿಂಬನ್ನು ತೆಗೆದು ಅವಳ ಮುಂದೆ ಚಾಪೆಯ ಮೇಲೆ ಇಟ್ಟರು.

"ಕತೆ ಮುಗಿಯಿತು ತಂಗಿ, ಇನ್ನಾದರೂ ಆ ಕಾಲು ಚಾಚು" ಎಂದರು.

ಸಾವಂತ್ರಿ ದಿಂಬನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೆಲ್ಲಗೆ ಕಾಲು ಚಾಚಿದಳು.